ಫೈನಾ ಬಿಡದ ಮನೆ

ಉತ್ತರದ ಹಿಮನಾಡಿನ ನಮ್ಮ ಸೆವೆರೊಗೋರ್ಕದಲ್ಲಿ ಎರಡು ಕೋಣೆಯ ಮನೆ ಸಿಗುವುದು ಒಂದು ಕಾಲಕ್ಕೆ ಸುಲಭದ ಮಾತಾಗಿರಲಿಲ್ಲ. ಕಲ್ಲಿದ್ದಲ ಗಣಿ ಹಗಲೂ ರಾತ್ರಿ ನಡೆಯುತ್ತಿದ್ದ ದಿನಗಳವು. ಮಾಸ್ಕೋದಲ್ಲೂ ಸಾಲು ನಿಲ್ಲಬೇಕಾದ ಕಿತ್ತಳೆ ನಮ್ಮ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತಿತ್ತು. ಬೇಸಿಗೆ ಬಂತೆಂದರೆ ಗಣಿಯವರು ಹೆಂಡತಿ ಮಕ್ಕಳ ಸಮೇತ ಕಪ್ಪು ಸಮುದ್ರದ ದಂಡೆಗೆ ಹೋಗಿ ಮೈ ಕಾಯಿಸಿಕೊಂಡು ಬರುತ್ತಿದ್ದರು. ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಕೆಲಸಕ್ಕೆ ಹಳ್ಳಿಯಿಂದ ಬಂದ ಫೈನಾ, ಗಣಿಯೊಳಗೆ ಯಂತ್ರ ನಡೆಸುವ ಪ್ರೋಖೋರನನ್ನು ಮದುವೆಯಾದಾಗ ಅವರಿಗೆ ನನ್ನ ಎದುರು ಬಾಗಿಲಿನ ಮನೆ ಸಿಕ್ಕಿತು. ನಾನು ಶಿಶುವಿಹಾರದಲ್ಲಿ ಅಡುಗೆಯವಳು. ಮೊದಲ ದಿನ ಅವಳು ಕಾಲುಚೀಲ ಕಳಚಿ, ಬರಿಗಾಲಲ್ಲಿ ಕೋಣೆಯಿಂದ ಕೋಣೆಗೆ ಓಡಾಡಿದ್ದನ್ನು ಕಂಡಿದ್ದೇನೆ.

ಕೆಲವು ವರ್ಷ ಕಳೆದ ಮೇಲೆ ಪ್ರೋಖೋರ್ ಊರಿನ ಸ್ನಾನಗೃಹದಲ್ಲಿ ಕೆಲಸಕ್ಕಿದ್ದವಳ ಹಿಂದೆ ಬಿದ್ದ. ಫೈನಾ ವಿಚ್ಛೇದನ ತೆಗೆದುಕೊಂಡಳು. ಆದರೆ ಮನೆ ಬಿಡುವವರು ಯಾರು? ಇಬ್ಬರೂ ಬಿಡಲಿಲ್ಲ. ಒಬ್ಬರಿಗೊಂದು ಕೋಣೆ, ಅಡುಗೆಮನೆಯಲ್ಲಿ ಅವನದೊಂದು ಬಲ್ಬು, ಅವಳದೊಂದು. ಅವನು ಸೂಪಿಗಿಟ್ಟರೆ ಅವಳು ಹಿಡಿ ಉಪ್ಪು ಸುರಿಯುವಳು. ಅವಳು ಒಗೆದು ಹರವಿದ ಬಟ್ಟೆಗೆ ಅವನು ಸಿಗರೇಟಿನ ಬೂದಿ ಕೊಡವುವನು.

ಆಮೇಲೆ ದೇಶವೇ ಒಡೆಯಿತು. ಗಣಿ ಮೊದಲು ಸಂಬಳ ನಿಲ್ಲಿಸಿತು, ನಂತರ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿತು. ಜನ ಬೀಗವನ್ನೂ ಹಾಕದೆ ಊರು ಬಿಟ್ಟರು. ಕೊನೆಗೆ ನಮ್ಮ ಕಟ್ಟಡದಲ್ಲಿ ಉಳಿದದ್ದು ನಾನು, ಅವರಿಬ್ಬರು.

"ಮೇಲ್ಗಡೆ ಮೂರು ಕೋಣೆ ಮನೆ ಖಾಲಿ ಬಿದ್ದಿದೆ ಕಣೇ, ಹೋಗಿ ಸೇರ್ಕೋಬಾರ್ದಾ?" ಅಂದೆ ಫೈನಾಗೆ.

"ನಾನ್ಯಾಕೆ ಹೋಗ್ಲಿ ಕ್ಲಾವಾ? ಆ ಮೂದೇವಿ ಹೋಗ್ಲಿ!"

ಗೋಡೆಯಾಚೆಯಿಂದ ಪ್ರೋಖೋರ್ ಕೂಗಿದ: "ಹೋಗ್ತೀನಿ, ನಿನ್ನ ಹೆಣ ಎತ್ತಿದ್ಮೇಲೆ!"

ಅಷ್ಟರಲ್ಲಾಗಲೇ ಅವನ ಎದೆಯಲ್ಲಿ ಕಲ್ಲಿದ್ದಲ ಪುಡಿ ಕೂತಿತ್ತು. ಹಳೆಯ ಗಣಿಗಾರರಿಗೆ ಸರ್ಕಾರ ಸರದಿಯ ಪ್ರಕಾರ ದಕ್ಷಿಣದಲ್ಲಿ ಮನೆ ಕೊಡಲು ಮುಂದಾಯಿತು; ಪ್ರೋಖೋರನ ಸರದಿಯೂ ಬಂತು. ಇಲ್ಲಿನದನ್ನು ಒಪ್ಪಿಸಿದರೆ ಅಲ್ಲೊಂದು. ಆದರೆ ಮನೆಯಲ್ಲಿ ಇರುವವರೆಲ್ಲ ಒಪ್ಪಬೇಕು. ಪ್ರೋಖೋರ್ ಅವಳ ಕೋಣೆಯ ಬಾಗಿಲು ತಟ್ಟಿದ. ನಾನೂ ಅಲ್ಲೇ ಕೂತಿದ್ದೆ.

"ಫೈನಾ, ಡಾಕ್ಟ್ರು ಬೆಚ್ಚಗಿರೋ ಊರಿಗೆ ಹೋಗು ಅಂದಿದಾರೆ. ಒಪ್ಕೊಳ್ಳೇ. ಅಲ್ಲಿ ಹೋಗಿ ಮಾರಿ, ಅರ್ಧ ಅರ್ಧ ಮಾಡ್ಕೊಳ್ಳೋಣ."

"ಆ ಸ್ನಾನದ ಮನೆಯೋಳ ಹತ್ರ ಹೋಗು, ಬೆಚ್ಚಗೆ ಇಟ್ಕೋತಾಳೆ."

"ಅವಳು ಸತ್ತು ಎಷ್ಟೋ ವರ್ಷ ಆಯ್ತಲ್ಲೇ."

"ಹಾಗಿದ್ರೆ ನೀನ್ಯಾಕೆ ತಡ ಮಾಡ್ತಿದೀಯ?"

ಎರಡು ಚಳಿಗಾಲ ಅವನು ಕೆಮ್ಮಿದ. ಅವನು ಕೆಮ್ಮಿದಷ್ಟೂ ಅವಳು ರೇಡಿಯೋ ಜೋರು ಮಾಡಿದಳು. ಗಂಜಿ ಕುಡಿಸಿದವಳು ನಾನು. ಅವನು ಸತ್ತಾಗ ಹೆಪ್ಪುಗಟ್ಟಿದ ನೆಲ ಅಗೆಯುವವರು ಸಿಗದೆ ಹೆಣ ಕೋಣೆಯಲ್ಲೇ ಉಳಿಯಿತು. "ಸತ್ರೂ ಜಾಗ ಬಿಡ್ತಿಲ್ಲ ನೋಡು," ಅಂದಳು ಫೈನಾ.

ಹೂಳಿದ ಮರುವಾರವೇ ಅವಳು ಮನೆ ಹಂಚುವ ಕಚೇರಿಗೆ ಹೋದಳು. ಈಗ ತಾನು ಒಪ್ಪುತ್ತೇನೆ, ಮನೆ ಕೊಡಿ ಎಂದಳು. ಅಲ್ಲಿದ್ದ ಹುಡುಗಿ ತಲೆ ಎತ್ತಲಿಲ್ಲ.

"ಆ ಸರದಿ ಅವರದು ಅಜ್ಜಿ. ನೀವು ಅವರ ಹೆಂಡತಿನೂ ಅಲ್ಲ. ನಿಮ್ಮ ಹೆಸರು ಹೊಸದಾಗಿ ಬರೆಸ್ಬೇಕು. ಸರದಿ ಬರೋಕೆ ಹದಿನೈದು ವರ್ಷ ಆಗುತ್ತೆ."

"ನಂಗೀಗ ಅರವತ್ತೆಂಟಮ್ಮ."

"ಹಾಗಾದ್ರೆ ಬೇಗ ಬರೆಸಿ."

ಆ ಶರತ್ಕಾಲದಲ್ಲಿ ನಮ್ಮ ಕಟ್ಟಡವನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆ ಕಡಿದರು. ಇಬ್ಬರು ಮುದುಕಿಯರಿಗಾಗಿ ಇಡೀ ಕಟ್ಟಡ ಕಾಯಿಸುವುದುಂಟೇ? ಫೈನಾಳನ್ನು ಊರ ನಡುವಿನ ಹಳೆಯ ಹಾಸ್ಟೆಲಿನ ಒಂದು ಕೋಣೆಗೆ ಹಾಕಿದರು. ಅಡುಗೆಮನೆ ಐದು ಜನಕ್ಕೆ ಒಂದೇ. ನಾನು ವೊರೊನೆಜಿನಲ್ಲಿರುವ ಮಗಳ ಮನೆಗೆ ಹೊರಟೆ. ಹೋಗುವ ಮುಂಚೆ ಅವಳನ್ನು ನೋಡಲು ಹೋದೆ.

ಚಹಾ ಬಗ್ಗಿಸುತ್ತ ಕೇಳಿದಳು: "ಕೊನೇಲಿ ನನ್ನ ಬಗ್ಗೆ ಏನಾದ್ರೂ ಅಂದ್ನಾ?"

ಸುಳ್ಳು ಹೇಳಬಹುದಿತ್ತು. ಆದರೆ ಆ ರೇಡಿಯೋದ ಸದ್ದು ಇನ್ನೂ ನನ್ನ ಕಿವಿಯಲ್ಲಿತ್ತು.

"ಅವಳನ್ನ ನನ್ನ ಪಕ್ಕ ಹೂಳ್ಬೇಡಿ, ಅಂದ."

ಫೈನಾ ಚಹಾಕ್ಕೆ ಜಾಮ್ ಹಾಕಿಕೊಂಡು ಕಲಕಿದಳು. "ಮನೇಲೇ ಜಾಗ ಕೊಡ್ದೋನು ಮಣ್ಣಲ್ಲಿ ಕೊಡ್ತಾನಾ?" ಎಂದು ನಕ್ಕಳು. ನಗು ನಿಂತ ಮೇಲೂ ಚಮಚ ತಿರುಗುತ್ತಲೇ ಇತ್ತು. ರೈಲಿಗೆ ಹೊತ್ತಾಯಿತೆಂದು ನಾನು ಎದ್ದೆ. ಅವಳು ಏಳಲಿಲ್ಲ.