ಬಾಗಿಲಲ್ಲಿ ನಿಂತು ಹೇಳುವ ಮಾತು

ದಿಗ್ಗೇವಾಡಿಯ ಸೀತವ್ವ ಮಾತಿಗೆ ಹಿಂಜರಿಯುವ ಹೆಂಗಸಲ್ಲ. ಕಬ್ಬಿನ ಕಸ ತೆಗೆಯುವ ಹೆಂಗಸರ ಗುಂಪಿನಲ್ಲಿ ಅವಳ ಬಾಯಿ ಎಲ್ಲರಿಗಿಂತ ಮುಂದೆ. ಹೊಲದ ಮಾಲಕ ಬದುವಿನ ಮೇಲೆ ಛತ್ರಿ ಹಿಡಿದು ನಿಂತು ಬುದ್ಧಿ ಹೇಳತೊಡಗಿದರೆ, ಬರ್ರಿ, ನೀವೂ ಒಂದು ಸಾಲು ಹಿಡೀರಿ ಎಂದು ಕರೆದುಬಿಡುವವಳು. ಅಂಥವಳ ನಾಲಗೆ ಜೀವಮಾನದಲ್ಲಿ ಒಮ್ಮೆ ಕೈಕೊಟ್ಟಿತು. ಕೊಡಬಾರದ ಹೊತ್ತಿಗೇ ಕೊಟ್ಟಿತು.

ಮದುವೆಯಾಗಿ ಬಂದಾಗ ಅವಳಿಗೆ ಕನ್ನಡವೇ ಬರುತ್ತಿರಲಿಲ್ಲ. ತವರು ಮಿರಜದ ಆಚೆಯ ಒಂದು ಹಳ್ಳಿ, ಮನೆಮಾತು ಮರಾಠಿ. ಗಂಡ ಜ್ಞಾನದೇವ ಮಿತಭಾಷಿ. ಅವನಿಂದಲೇ ಕಲಿಯಬೇಕಾಗಿದ್ದರೆ ಇವತ್ತಿಗೂ ಅವಳು ಮೂಕಿಯಾಗಿಯೇ ಇರುತ್ತಿದ್ದಳು. ಕನ್ನಡ ಕಲಿಸಿದವಳು ಅಕ್ಕವ್ವ. ಹೊಳೆದಂಡೆಯಲ್ಲಿ ಕಬ್ಬಿನ ಹೊಲವಿದ್ದ ವಿರುಪಾಕ್ಷಪ್ಪನ ಹೆಂಡತಿ. ಮಾಲಕನ ಹೆಂಡತಿಯಾದರೂ ಕುರ್ಪಿ ಹಿಡಿದು ಆಳುಗಳ ಜೊತೆ ಕೂತು ಕಸ ತೆಗೆಯುತ್ತಿದ್ದಳು. ಒಂದೊಂದು ಕಸದ ಹೆಸರು ಹೇಳಿಕೊಡುತ್ತಾ, ಸೀತವ್ವ ತಪ್ಪಿ ಅಂದದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಾ, ಒಂದು ಹಂಗಾಮು ಮುಗಿಯುವಷ್ಟರಲ್ಲಿ ಅವಳನ್ನು ಜಗಳ ಆಡುವ ಮಟ್ಟಕ್ಕೆ ತಯಾರು ಮಾಡಿದಳು. ಸೀತವ್ವ ಅವಳನ್ನು ತನ್ನ ಮರಾಠಿಯಲ್ಲೇ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದಳು.

ಇಬ್ಬರಿಗೂ ಒಂದೇ ವರ್ಷ ಹೆಣ್ಣು ಹುಟ್ಟಿತು. ಅಕ್ಕವ್ವನಿಗೆ ದಾನೇಶ್ವರಿ, ಸೀತವ್ವನಿಗೆ ಶುಭಾಂಗಿ. ಹೊಲದ ಬೇವಿನ ಟೊಂಗೆಗೆ ಹಳೇ ಸೀರೆಯ ಜೋಳಿಗೆ ಕಟ್ಟಿ ಎರಡೂ ಕೂಸುಗಳನ್ನು ಅದರಲ್ಲೇ ಹಾಕುತ್ತಿದ್ದರು. ಯಾವುದು ಅತ್ತರೂ ಹತ್ತಿರದಲ್ಲಿದ್ದವಳು ಎದ್ದು ಹೋಗಿ ತೂಗುತ್ತಿದ್ದಳು. ಮಧ್ಯಾಹ್ನ ಒಂದೇ ಬುತ್ತಿಯ ರೊಟ್ಟಿ ಮುರಿಯುತ್ತಿದ್ದರು. ಅದೆಲ್ಲ ಹೊಲದಲ್ಲಿ. ಊರೊಳಗೆ ಬಂದರೆ ಸೀತವ್ವನ ಚಹಾದ ಕಪ್ಪು ಅಕ್ಕವ್ವನ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆ ಇರುತ್ತಿತ್ತು. ಅದು ಅಕ್ಕವ್ವನ ಅತ್ತೆ ಮಾಡಿದ ಏರ್ಪಾಟು. ಅತ್ತೆ ತೀರಿಕೊಂಡ ಮೇಲೂ ಕಪ್ಪು ಅಲ್ಲೇ ಇತ್ತು. ಅಕ್ಕವ್ವ ಒಳ್ಳೆಯವಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವರು ಕೂಡ ಇಂಥದ್ದನ್ನು ಕಂಡೂ ಕಾಣದ ಹಾಗೆ ವರ್ಷಗಟ್ಟಲೆ ಇದ್ದುಬಿಡುತ್ತಾರೆ. ಕೊನೆಗೆ ಆ ಕಪ್ಪನ್ನು ಎತ್ತಿ ತಿಪ್ಪೆಗೆ ಎಸೆದದ್ದು ಹೈಸ್ಕೂಲಿಗೆ ಹೋಗುತ್ತಿದ್ದ ದಾನೇಶ್ವರಿ. ಸೀತವ್ವ ಅವಳಿಗೆ ಕಾಕು, ಚಿಕ್ಕಮ್ಮ. ನನ್ನ ಕಾಕುಗ ಒಳಗ ಚಹಾ ಕೊಡ್ರಿ ಎಂದು ಮನೆ ಅದುರುವ ಹಾಗೆ ಜಗಳ ಮಾಡಿದಳು. ಅಂದಿನಿಂದ ಸೀತವ್ವ ಅಡುಗೆಮನೆಯ ಹೊಸ್ತಿಲವರೆಗೆ ಬಂದು ಕುಡಿಯತೊಡಗಿದಳು. ಆ ಹುಡುಗಿಯ ಮೇಲೆ ಅವಳಿಗಿದ್ದ ಜೀವ ಅಷ್ಟಿಷ್ಟಲ್ಲ.

ಇನ್ನು ಸೀತವ್ವನ ಮಾವ ಸತ್ಯಪ್ಪನ ವಿಷಯ ಹೇಳಬೇಕು. ಊರಲ್ಲಿ ಯಾರೇ ಸತ್ತರೂ ಬೀಗರ ಊರುಗಳಿಗೆ ಸುದ್ದಿ ಮುಟ್ಟಿಸುವುದು ಅವರ ಮನೆತನದ ತಲೆಗೆ ಕಟ್ಟಿದ್ದ ಕೆಲಸ. ಬಿಸಿಲಿರಲಿ ಮಳೆಯಿರಲಿ, ಹೋಗಬೇಕು. ಸತ್ತವರ ಮಗಳ ಮನೆಯ ಮುಂದೆ, ಬಾಗಿಲ ಆಚೆ ನಿಂತು, ಇಂಥವರು ಹೋದರು, ಇಂಥ ಹೊತ್ತಿಗೆ ಮಣ್ಣು ಎಂದು ಹೇಳಿ ಹಿಂದಿರುಗಬೇಕು. ಒಳಗೆ ಕರೆಯುವವರಿಲ್ಲ, ಕೂಡು ಅನ್ನುವವರಿಲ್ಲ. ಮನೆಯವರು ಕೈ ತಾಗದಂತೆ ಮೇಲಿನಿಂದ ಒಂದಿಷ್ಟು ಜೋಳ ಅವನ ಟವೆಲ್ಲಿಗೆ ಸುರಿಯುತ್ತಿದ್ದರು. ಬೌದ್ಧ ಧರ್ಮಕ್ಕೆ ಬಂದ ವರ್ಷ ಸತ್ಯಪ್ಪ ಸುದ್ದಿ ಒಯ್ಯುವಾಗ ಹಿಡಿಯುತ್ತಿದ್ದ ಕೋಲನ್ನು ಮುರಿದು ಒಲೆಗೆ ಹಾಕಿದ. ಊರವರು ಬೈದರು, ಕೆಲವರು ಹೊಲದ ಕೆಲಸ ತಪ್ಪಿಸಿದರು. ಅವನು ಬಗ್ಗಲಿಲ್ಲ. ಮುಂದೆ ಫೋನು ಬಂದು ಆ ಪ್ರಶ್ನೆಯೇ ಉಳಿಯಲಿಲ್ಲ. ಜ್ಞಾನದೇವನಿಗೆ ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಆ ಒಂದು ಹಟ.

ಕೃಷ್ಣೆಗೆ ಮಹಾಪೂರ ಬಂದ ವರ್ಷ. ಹೊಳೆ ಏರುವುದು ಆ ಊರಿಗೆ ಹೊಸದಲ್ಲ, ಆದರೆ ಆ ಶ್ರಾವಣದಲ್ಲಿ ನೀರು ಎಂದೂ ಕಾಲಿಡದ ಓಣಿಗಳಿಗೆ ನುಗ್ಗಿತು. ಆಳೆತ್ತರದ ಕಬ್ಬು ಗರಿಯೂ ಕಾಣದಂತೆ ಮುಳುಗಿತು. ಮೊದಲು ಮುಳುಗಿದ್ದು ಸೀತವ್ವನ ಕೇರಿ. ಅವರ ಕೇರಿಯನ್ನು ದಿಬ್ಬದ ಮೇಲೆ ಕಟ್ಟಿದ ಊರು ಎಲ್ಲಾದರೂ ಇದ್ದರೆ ಹೋಗಿ ನೋಡಿ ಬರಬೇಕು. ಶುಭಾಂಗಿ ಗಂಡನ ಮನೆಯಲ್ಲಿದ್ದಳು; ಸೀತವ್ವ, ಜ್ಞಾನದೇವ ಇಬ್ಬರೇ ಗಂಟುಮೂಟೆ ಹೊತ್ತು ಶಾಲೆಯ ಗಂಜಿ ಕೇಂದ್ರ ಸೇರಿದರು. ಕರೆಂಟು ಹೋಗಿ ಫೋನುಗಳೆಲ್ಲ ಸತ್ತು ಬಿದ್ದಿದ್ದವು. ರಾಯಬಾಗಕ್ಕೆ ಹೋಗುವ ರಸ್ತೆ ಹಳ್ಳದ ಹತ್ತಿರ ನೀರೊಳಗೆ ಹೋಗಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ಅಕ್ಕವ್ವನ ಮಗ ಅಮೋಲ ಶಾಲೆಯ ಅಂಗಳಕ್ಕೆ ಬಂದ. ಅವನ ಹಿಂದೆ ಊರಿನ ಒಂದಿಬ್ಬರು ಹಿರಿಯರು. ಸೀತವ್ವನನ್ನು ಕಂಡದ್ದೇ ಅವನು ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡ. ಅಕ್ಕವ್ವನಿಗೆ ಮೊದಲೇ ದಮ್ಮಿನ ಕಾಯಿಲೆಯಿತ್ತು. ಥಂಡಿ ಹಿಡಿದು ನಸುಕಿನಲ್ಲಿ ಹೋಗಿಬಿಟ್ಟಿದ್ದಳು. ಎತ್ತರದ ಹೊಲದಲ್ಲಿ ಮಣ್ಣು ಮಾಡಬೇಕು, ಅಲ್ಲಿಗೂ ನೀರು ಏರುತ್ತಿದೆ, ಹೊತ್ತು ಇಳಿಯುವವರೆಗೆ ಮಾತ್ರ ಕಾಯಬಹುದು ಎಂದ. ಮದುವೆಯಾಗಿ ಪಾಲಬಾವಿಯಲ್ಲಿದ್ದ ದಾನೇಶ್ವರಿಗೆ ಸುದ್ದಿ ಮುಟ್ಟಿರಲಿಲ್ಲ. ರಾಯಬಾಗಕ್ಕೆ ಹೋದವರು ಅಲ್ಲಿಂದ ಫೋನು ಮಾಡಬಹುದಿತ್ತು, ಆದರೆ ಅವಳ ನಂಬರು ಅಮೋಲನ ಸತ್ತ ಫೋನಿನೊಳಗಿತ್ತು, ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಮನೆಯ ಗಂಡಸರು ಅರ್ಧ ಜನ ದನಗಳನ್ನು ದಾಟಿಸುವುದರಲ್ಲಿ, ಅರ್ಧ ಜನ ಕುಣಿ ತೋಡುವುದರಲ್ಲಿ ಇದ್ದರು.

ಹಿರಿಯರಲ್ಲಿ ಒಬ್ಬರು ಜ್ಞಾನದೇವನ ಕಡೆ ನೋಡಿ, "ಹಿಂದಕ್ಕಾಗಿದ್ದರ ಸತ್ಯಪ್ಪ ಇಷ್ಟೊತ್ತಿಗೆ ಅರ್ಧ ದಾರಿ ಹೋಗಿರ್ತಿದ್ದ" ಎಂದರು.

ಜ್ಞಾನದೇವ ಮಡಚುತ್ತಿದ್ದ ಕಂಬಳಿಯನ್ನು ಕೆಳಗಿಟ್ಟ. "ಸತ್ಯಪ್ಪನ ಕೂಡ ಆ ಕೆಲಸಾನೂ ಹೋತ್ರಿ" ಎಂದ. ಅಷ್ಟೇ.

ಅವನು ಹೇಳಿದ್ದು ಸರಿಯೇ. ಊರಿಗೆ ಊರೇ ಮುಳುಗಿದ ಹೊತ್ತಿನಲ್ಲೂ ಹಿರಿಯರ ಕಣ್ಣು ಹುಡುಕಿಕೊಂಡು ಬಂದದ್ದು ಆ ಮನೆತನವನ್ನೇ. ಸೀತವ್ವನಿಗೂ ಮೈ ಉರಿಯಿತು. ಆದರೆ ಅವಳ ಕಣ್ಣ ಮುಂದೆ ಇದ್ದದ್ದು ದಾನೇಶ್ವರಿ. ತಾಯಿಯ ಮುಖ ನೋಡದೆ ಮಣ್ಣಾದರೆ ಆ ಹುಡುಗಿ ಬದುಕುವುದು ಹೇಗೆ? ಅವಳು ಎದ್ದು ಸೆರಗು ಸಿಗಿಸಿಕೊಂಡಳು. ಜ್ಞಾನದೇವನ ಕಣ್ಣು ಕೆಂಪಾಯಿತು. ಎಲ್ಲಿಗೆ ಎಂದು ಅವನು ಕೇಳುವ ಮೊದಲೇ ಹೇಳಿದಳು:

"ನಾ ಸುದ್ದಿ ಒಯ್ಯಾಕ ಹೊಂಟಿಲ್ಲ. ನನ್ನ ಮಗಳನ್ನ ಕರಕೊಂಡು ಬರಾಕ ಹೊಂಟೀನಿ."

ನಿನ್ನ ವೈನಿಯ ಮುಖ ನೋಡಿ ಹೋಗು ಎಂದ ಅಮೋಲ. ಅಲ್ಲಿಗೆ ಹೋದರೆ ಕಾಲು ಕೀಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇಬ್ಬರೂ ಕೂಡಿಯೇ ಬಂದು ನೋಡುತ್ತೇವೆ ಎಂದು ಹೊರಟುಬಿಟ್ಟಳು.

ದಿಬ್ಬದ ಹೊಲಗಳ ಬದು ಹಿಡಿದು, ಮೊಣಕಾಲುದ್ದ ರಾಡಿ ತುಳಿದು, ಹಳ್ಳದ ಆಚೆ ಡಾಂಬರು ರಸ್ತೆಗೆ ಬಿದ್ದಳು. ಹಾಲಿನ ಗಾಡಿಯೊಂದು ರಾಯಬಾಗದವರೆಗೆ ಬಿಟ್ಟಿತು. ಅಲ್ಲಿಂದ ಟ್ರ್ಯಾಕ್ಸ್ ಜೀಪು ಹಿಡಿದು ಪಾಲಬಾವಿಗೆ ಮುಟ್ಟಿದಾಗ ಇನ್ನೂ ಊಟದ ಹೊತ್ತಾಗಿರಲಿಲ್ಲ. ತಕ್ಷಣ ತಿರುಗಿದರೆ ಮಣ್ಣಿಗೆ ಧಾರಾಳವಾಗಿ ಸಿಗುತ್ತಿದ್ದರು.

ಬಾಗಿಲಿಗೆ ಬಂದ ದಾನೇಶ್ವರಿ ಅವಳನ್ನು ಕಂಡು ಕುಣಿದಾಡಿದಳು. ಪೂರ ಬಂದಾಗಿನಿಂದ ತವರಿನ ಸುದ್ದಿಯಿಲ್ಲದೆ ಕಂಗಾಲಾಗಿದ್ದವಳು. ಕಾಕು ಬಂದಳು ಎಂದು ಅತ್ತೆಗೆ ಕೂಗಿ ಹೇಳಿ, ಕೈ ಹಿಡಿದು ಒಳಗೆ ಕರೆದೊಯ್ದು, ನಡುಮನೆಯ ಕುರ್ಚಿಯ ಮೇಲೆ ಕೂರಿಸಿದಳು. ಕಾಲಿಗೆ ಬಿಸಿನೀರು ಕೊಟ್ಟಳು. ಮನೆಯವರು ಕುಡಿಯುವ ಸ್ಟೀಲಿನ ಲೋಟದಲ್ಲೇ ಚಹಾ ತಂದು ಕೈಗಿಟ್ಟಳು. ಇಂಥ ಮನೆಯ ನಡುಮನೆಯಲ್ಲಿ, ಕುರ್ಚಿಯ ಮೇಲೆ, ಸೀತವ್ವ ಅದುವರೆಗೆ ಕೂತವಳಲ್ಲ. ಎದುರು ನೆಲದ ಮೇಲೆ ಕೂತ ಹುಡುಗಿ ಅವ್ವ ಹೇಗಿದ್ದಾಳೆ ಎಂದು ಕೇಳುತ್ತಿದ್ದಾಳೆ. ಲೋಟ ಕೈಯಲ್ಲಿ ಹಿಡಿದುಕೊಂಡು, ನಿನ್ನ ತಾಯಿ ಸತ್ತಳು ಎಂದು ಹೇಗೆ ಹೇಳುವುದು? ಬಾಗಿಲ ಆಚೆ ನಿಂತು ಹೇಳಿ ಹೋಗುವವರಿಗೆ ಅದು ಸಾಧ್ಯ. ತಾನು ಹಾಗೆ ಬಂದವಳಲ್ಲವಲ್ಲ.

ನಮ್ಮ ಕಡೆ ಸಾವಿನ ಸುದ್ದಿಯನ್ನು ಹೆಣ್ಣುಮಗಳಿಗೆ ನೇರ ಹೇಳುವುದಿಲ್ಲ. ಸೀರಿಯಸ್ ಐತಿ, ಬಾ ಎನ್ನುತ್ತಾರೆ. ಸೀರಿಯಸ್ ಅಂದರೆ ಮುಗಿಯಿತೆಂದು ಈಗ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೇ ಸೀತವ್ವ ಆ ಶಬ್ದವನ್ನೂ ನುಂಗಿದಳು. "ಜ್ವರ ಬಂದಾವ, ತಂಗಿ. ನಿನ್ನ ನೆನಸಾಕತ್ತಾಳ. ಹೋಗಿ ಬರೂಣು ನಡಿ" ಎಂದಳು. ದಾರಿಯಲ್ಲಿ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡಳು.

ಜ್ವರ ಬಂದ ತಾಯಿಯ ಬಳಿ ಮಗಳು ಹೇಗೆ ಹೋಗುತ್ತಾಳೋ ಹಾಗೆಯೇ ದಾನೇಶ್ವರಿ ಹೊರಟಳು. ಗಂಡ ಹೊಲದಿಂದ ಗಾಡಿ ತರುವವರೆಗೆ ಮೆತ್ತಗೆ ಅನ್ನ ಮಾಡಿದಳು, ಮೆಣಸಿನ ಸಾರು ಮಾಡಿ ಡಬ್ಬಿಗೆ ತುಂಬಿದಳು. ಬೆಚ್ಚನೆಯ ಸೀರೆ, ಶಾಲು ಕಟ್ಟಿಕೊಂಡಳು. ಸೀತವ್ವ ಲಗು ಲಗು ಅನ್ನುತ್ತಲೇ ಇದ್ದಳು. ಗಾಡಿ ರಾಯಬಾಗ ಮುಟ್ಟಿದಾಗ ದಾನೇಶ್ವರಿ, ಮುಳುಗಿದ ಊರಲ್ಲಿ ಡಾಕ್ಟರು ಎಲ್ಲಿ, ಔಷಧಿ ಒಯ್ಯಲೇಬೇಕು ಎಂದು ದವಾಖಾನೆಯ ಮುಂದೆ ಗಾಡಿ ನಿಲ್ಲಿಸಿದಳು. ಪೂರದ ಊರುಗಳಿಂದ ಬಂದ ಜನ ಅಲ್ಲಿ ಕಿಕ್ಕಿರಿದಿದ್ದರು. ಬ್ಯಾಡ ತಂಗಿ, ಹೋಗೂಣು ಎಂದು ಸೀತವ್ವ ರಟ್ಟೆ ಹಿಡಿದು ಎಳೆದಳು. ಅವ್ವಗ ದಮ್ಮು ಐತಿ ಕಾಕೂ, ಬರಿಗೈಲೆ ಹೆಂಗ ಹೋಗಲಿ ಎಂದಳು ದಾನೇಶ್ವರಿ.

ದವಾಖಾನೆಯ ಬೆಂಚಿನ ಮೇಲೆ ಕೂತ ಸೀತವ್ವನ ಸ್ಥಿತಿಯನ್ನು ಏನೆಂದು ಹೇಳುವುದು. ಹೊರಗೆ ಹೊತ್ತು ಜಾರುತ್ತಿತ್ತು. ಎರಡು ಸಲ ಎದ್ದು ಪಾಳಿಯಲ್ಲಿ ನಿಂತ ಹುಡುಗಿಯ ಹತ್ತಿರ ಹೋದಳು. ಒಮ್ಮೆ ಅವಳು ತಿರುಗಿ ನಕ್ಕಳು, ಆತು ಕಾಕೂ, ಇನ್ನ ಮೂರ ಮಂದಿ ಎಂದಳು. ಈಗ ಹೇಳಿದರೆ, ಬೆಳಗಿನಿಂದ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೂ ಬರುತ್ತದೆ. ಸುಳ್ಳು ಹೇಳಿದ ಮೇಲೆ ಒಂದೊಂದು ಗಳಿಗೆ ಕಳೆದಂತೆ ನಿಜ ಭಾರವಾಗುತ್ತಾ ಹೋಗುತ್ತದೆ. ಮತ್ತೆ ಬಂದು ಬೆಂಚಿನ ಮೇಲೆ ಕೂತಳು.

ಹಳ್ಳದ ಹತ್ತಿರ ಗಾಡಿ ಬಿಟ್ಟು, ದಾನೇಶ್ವರಿಯ ಗಂಡನೂ ಸೇರಿ ಮೂವರು ಬದುವಿನ ಮೇಲೆ ನಡೆಯತೊಡಗಿದಾಗ ದಿನ ಇಳಿದಿತ್ತು. ದಾನೇಶ್ವರಿಯ ಒಂದು ಕೈಯಲ್ಲಿ ಸಾರಿನ ಡಬ್ಬಿ, ಇನ್ನೊಂದರಲ್ಲಿ ಔಷಧಿಯ ಚೀಲ. ಎತ್ತರದ ಹೊಲದ ಕಡೆಯಿಂದ ಗಂಡಸರು ಸಾಲಾಗಿ ಬರುತ್ತಿದ್ದರು. ಎಲ್ಲರ ತಲೆಯೂ ಒದ್ದೆ, ಮೈಮೇಲೆ ಹಿಂಡಿದ ಧೋತರ. ಹಣೆಯ ತುಂಬ ಹೊಸ ವಿಭೂತಿ. ಮುಂದೆ ಅಪ್ಪ ವಿರುಪಾಕ್ಷಪ್ಪ, ಅವನ ರಟ್ಟೆ ಹಿಡಿದ ಅಮೋಲ. ದಾನೇಶ್ವರಿ ನಿಂತಳು. ಅವರನ್ನು ನೋಡಿದಳು, ತಿರುಗಿ ಸೀತವ್ವನನ್ನು ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಡಬ್ಬಿ ಕೈಯಿಂದ ಬಿದ್ದು ಸಾರು ರಾಡಿಯಲ್ಲಿ ಹರಿಯಿತು.

ಅವಳು ಓಡಿ ಹೋಗಿ ಹಸಿ ಮಣ್ಣಿನ ದಿಬ್ಬದ ಮೇಲೆ ಬಿದ್ದಳು. ಕೈಯಿಂದ ಮಣ್ಣು ತೆಗೆಯತೊಡಗಿದಳು. ಒಮ್ಮೆ ಮುಖ ತೋರಿಸ್ರಿ, ಒಮ್ಮೆ ತೋರಿಸ್ರಿ ಎಂದು ಅಪ್ಪನ ಕಾಲಿಗೆ ಬಿದ್ದಳು. ಮುಚ್ಚಿದ ಸಮಾಧಿಯನ್ನು ತೆರೆಯುವುದು ಆಗದ ಮಾತು. ಗಂಡ ಅವಳನ್ನು ಎತ್ತಿಕೊಂಡು ಊರೊಳಗೆ ನಡೆದ. ಸೀತವ್ವ ಅಲ್ಲೇ ಉಳಿದಳು. ಅವಳಿಗೂ ವೈನಿಯ ಮುಖ ಸಿಗಲಿಲ್ಲ. ಆದರೆ ಅದನ್ನು ಹೇಳಿಕೊಂಡು ಅಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಅನಿಸಿತು. ಬೆಳಿಗ್ಗೆ ತಾನು ಗಂಡನ ಮುಂದೆ ಅಂದ ಮಾತು ನೆನಪಾಯಿತು. ಸುದ್ದಿ ಒಯ್ಯುವವಳಾಗಿ ಹೋಗಿದ್ದರೆ ಮಗಳನ್ನು ಹೊತ್ತು ಮೀರುವ ಮೊದಲೇ ಕರೆತರುತ್ತಿದ್ದಳು.

ನೀರು ಇಳಿಯಿತು. ಕೇರಿಯ ಮನೆಗಳ ಗೋಡೆಗಳು ಕರಗಿದ್ದವು, ಕಬ್ಬು ಕೊಳೆತು ಊರೆಲ್ಲ ನಾರಿತು, ಮುಂದಿನ ಹಂಗಾಮಿಗೆ ಹೊಲಗಳಲ್ಲಿ ಕೆಲಸವೇ ಇರಲಿಲ್ಲ. ಅವೆಲ್ಲ ಹೇಗೋ ಒಂದು ಹಂತಕ್ಕೆ ಬಂದವು. ದಾನೇಶ್ವರಿ ಮಾತ್ರ ಸೀತವ್ವನೊಡನೆ ಮಾತಾಡಲಿಲ್ಲ. ತವರಿಗೆ ಬಂದರೆ ಶುಭಾಂಗಿಯನ್ನು ವಿಚಾರಿಸುತ್ತಿದ್ದಳು, ಜ್ಞಾನದೇವನಿಗೆ ಶರಣು ಅನ್ನುತ್ತಿದ್ದಳು. ಸೀತವ್ವ ಎದುರಾದರೆ ಒಳಗೆ ಹೋಗುತ್ತಿದ್ದಳು. ಸೀತವ್ವ ಆ ಮನೆಯ ಹಾದಿಯನ್ನೇ ಬಿಟ್ಟಳು. ಹೊಲದಲ್ಲಿ ಕೂಡ ಅವಳ ಬಾಯಿ ಕಡಿಮೆಯಾಯಿತು. ಜೊತೆಯ ಹೆಂಗಸರು ಮೊದಮೊದಲು ಕೆಣಕಿ ನೋಡಿದರು, ಆಮೇಲೆ ಸುಮ್ಮನಾದರು.

ಅಕ್ಕವ್ವ ತೀರಿಕೊಂಡ ವರ್ಷದ ಪೂಜೆಗೆ ದಾನೇಶ್ವರಿ ತಾನಾಗಿ ಹೇಳಿ ಕಳಿಸಿದಳು. ಸೀತವ್ವ ಹೋದಳು. ದಾನೇಶ್ವರಿ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ವರ್ಷದೊಳಗೆ ಇಳಿದುಹೋಗಿದ್ದಳು. ಸೀತವ್ವ ಪಕ್ಕಕ್ಕೆ ಹೋಗಿ ಕೂತಳು. ದಾನೇಶ್ವರಿ, ಅಪ್ಪನಿಗೂ ಈಗ ಆರಾಮಿಲ್ಲವೆಂದು, ಇಲ್ಲಿಂದ ಬರುವ ಫೋನಿನ ಒಂದು ಮಾತನ್ನೂ ತಾನು ನಂಬುವುದಿಲ್ಲವೆಂದು, ಅಪ್ಪ ಉಂಡ ಎಂದು ಅಣ್ಣ ಹೇಳಿದರೂ ಎದೆ ನಡುಗುತ್ತದೆಂದು ಹೇಳಿದಳು.

"ಅಪ್ಪಗ ಏನರ ಆದ್ರ ನೀನ ಬಾ, ಕಾಕೂ. ಬ್ಯಾರೇದವರು ಬ್ಯಾಡ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಬಂದು, ಒಳಗ ಬರಬ್ಯಾಡ. ಕುಂದ್ರಬ್ಯಾಡ, ಚಹಾ ಕುಡೀಬ್ಯಾಡ. ಬಾಗಲದಾಗ ನಿಂತು ಖರೇ ಹೇಳಿಬಿಡು."

ಸತ್ಯಪ್ಪ ಬಿಟ್ಟ ಕೆಲಸವನ್ನೇ ತಾನು ಕೇಳುತ್ತಿದ್ದೇನೆಂದು ಆ ಹುಡುಗಿಗೆ ತಿಳಿದಿರಲಿಲ್ಲ. ಕಪ್ಪನ್ನು ತಿಪ್ಪೆಗೆ ಎಸೆದವಳು ಅವಳು, ಬೇಕೆಂದು ಅನ್ನುವವಳಲ್ಲ. ಅವಳಿಗೆ ತಾಯಿಯ ಮುಖ ತಪ್ಪಿತ್ತು, ತಂದೆಯದಾದರೂ ಸಿಗಬೇಕಿತ್ತು, ಅಷ್ಟೇ. ಸೀತವ್ವ ಅವಳ ಕೆದರಿದ ತಲೆಯನ್ನು ಸವರಿದಳು.

"ಹೂಂ ತಂಗಿ, ನಿಂತ ಹೇಳ್ತೀನಿ" ಎಂದಳು.

ಮನೆಗೆ ಬಂದಾಗ, ಆ ಹುಡುಗಿ ಮಾತಾಡಿದಳೇ ಎಂದು ಜ್ಞಾನದೇವ ಕೇಳಿದ. ಮಾತಾಡಿದಳು ಎಂದಳು ಸೀತವ್ವ. ಏನು ಮಾತಾಡಿದಳೆಂಬುದನ್ನು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.