ಅಕ್ಕ ಬಡಿಸಿದ ಕೊಬ್ಬು

ಸೌತೆಕಾಯಿಯ ಮೇಲೆ ನನಗೆ ಹುಟ್ಟಿನಿಂದ ಯಾವ ಹಗೆಯೂ ಇರಲಿಲ್ಲ. ಆದರೆ ಹೆಂಡತಿ ಮೂರು ಹೊತ್ತೂ ಅದನ್ನೇ ಹೋಳು ಮಾಡಿ ಮುಂದಿಡತೊಡಗಿದ ಮೇಲೆ, ಅದರ ಬಳ್ಳಿ ಕಂಡರೂ ಮುಖ ತಿರುಗಿಸುವಷ್ಟು ಬೇಸರ ಬಂದಿದೆ. ನಲವತ್ತು ದಾಟಿದ, ಅಂಗಿಯ ಗುಂಡಿಗಳ ಜೊತೆ ಹೊಟ್ಟೆ ಜಗಳಕ್ಕಿಳಿದ, ಶಿರಾಲಿಯ ಸೊಸೈಟಿಯಲ್ಲಿ ಕೂತೇ ದುಡಿಯುವ ಗುಮಾಸ್ತನೊಬ್ಬ ತೆಂಗಿನಗುಂಡಿಯ ಕಡಲದಂಡೆಯ ಮರಳಿನಲ್ಲಿ ನಸುಕಿಗೇ ಏದುಸಿರು ಬಿಡುತ್ತ ನಡೆಯುವುದನ್ನು ಕಂಡರೆ ನೀವು ನಕ್ಕೀರಿ; ನಗಿ, ದೋಣಿ ಎಳೆಯುವವರೂ ನಗುತ್ತಾರೆ.

ನಾನು ನಡೆಯುವುದು ಅಕ್ಕನಿಗಾಗಿ. ಹೆಂಡದ ವಾಸನೆಯನ್ನೂ ಸಹಿಸದ ಅವಳ ಲಿವರನ್ನು ಕಾಮಾಲೆಯ ವೈರಸ್ಸು ವರ್ಷಗಟ್ಟಲೆ ಒಳಗೇ ಕೂತು ಹಾಳುಮಾಡಿದೆ. ಯಾರಾದರೂ ತಮ್ಮ ಲಿವರಿನ ಒಂದು ಪಾಲು ಕೊಟ್ಟರೆ ಬದುಕುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದರು ಬೆಂಗಳೂರಿನ ಡಾಕ್ಟರು. ಮನೆಯಲ್ಲಿ ರಕ್ತದ ಗುಂಪು ಕೂಡಿಬಂದದ್ದು ನನ್ನದೊಂದೇ. ದಾನಿಯಾಗಲು ಮನಸ್ಸೊಂದಿದ್ದರೆ ಸಾಕೆಂದುಕೊಂಡಿದ್ದೆ. ಮನಸ್ಸನ್ನೂ ಕೇಳಿದರು ಅನ್ನಿ, ಆದರೆ ಅದಕ್ಕೂ ಮೊದಲು ರಕ್ತ ತೆಗೆದರು, ಹೃದಯ ನೋಡಿದರು, ಯಂತ್ರದೊಳಗೆ ಮಲಗಿಸಿದರು. ಕೊನೆಗೆ, ನಿಮ್ಮ ಲಿವರಿನಲ್ಲಿ ಕೊಬ್ಬು ಕೂತಿದೆ, ಇಳಿಸಿಕೊಂಡು ಬನ್ನಿ ಎಂದು ಕಳಿಸಿದರು.

ಆ ಕೊಬ್ಬು ಎಲ್ಲಿಯದೆಂದು ನನಗೆ ಗೊತ್ತು. ಅಮ್ಮ ತೀರಿಕೊಂಡಾಗ ನಾನಿನ್ನೂ ಅಂಗಳದಲ್ಲಿ ಬತ್ತಲೆ ಓಡುವ ಪೋರ. ಭಟ್ಕಳದ ಪೇಟೆಯಲ್ಲಿ ಮೀನು ಮಾರಿ, ತನ್ನ ಮದುವೆಯನ್ನೇ ಮರೆತು ನನ್ನನ್ನು ಸಾಕಿದವಳು ಅಕ್ಕ. ಪ್ರೀತಿಯ ಮಾತೆಂದು ಅವಳ ಬಾಯಿಂದ ನಾನು ಕೇಳಿದ್ದು, ಇನ್ನೊಂದು ಹಾಕಲಾ ಎಂಬುದೊಂದೇ. ಯಾರೋ ಬಡಿಸಿದ ಅನ್ನವೇ ಮೈಯಾಗಿ ಬೆಳೆದವರು ನಾವೆಲ್ಲ. ಹಾಗಿರುವಾಗ ಇದು ನನ್ನ ಮೈ, ಇದರಲ್ಲಿ ನಿನಗೊಂದು ಪಾಲು ಕೊಡುತ್ತೇನೆ ಎಂದು ದಾನಿಯ ಠೀವಿಯಲ್ಲಿ ಹೇಳಲು ನನಗೆ ನಾಚಿಕೆಯಾಗುತ್ತದೆ.

ಕೆಲಸ ಮುಗಿಸಿ ಬರುವಾಗ ಈಗಲೂ ಅವಳ ಮನೆ ಹೊಗದೆ ಮುಂದೆ ಹೋಗಲಾರೆ. ಕಾಲು ಬಾತು, ಕಣ್ಣು ಹಳದಿಯಾಗಿ, ಗೋಡೆ ಹಿಡಿದು ನಡೆಯುವವಳು ನನಗೆಂದು ಬಂಗಡೆ ಹುರಿದಿರುತ್ತಿದ್ದಳು, ಬೆಲ್ಲದ ಸಿಹಿಯುಂಡೆ ಸುಟ್ಟೇವು ಕರಿದಿರುತ್ತಿದ್ದಳು. ಬೇಡವೆಂದರೆ ಮುಖ ಬಾಡುತ್ತಿತ್ತು. ಒಂದು ತಿಂದರೆ ಎಂತ ಆಗ್ತದೆ ಎಂದುಕೊಂಡು ತಿನ್ನುತ್ತಿದ್ದೆ. ಒಂದೆಂದರೆ ಅಕ್ಕನ ಲೆಕ್ಕದಲ್ಲಿ ನಾಲ್ಕು. ಎರಡನೆಯ ಸಲ ಯಂತ್ರದೊಳಗೆ ಮಲಗಿ ಎದ್ದಾಗ ಕೊಬ್ಬು ಕೂತಲ್ಲೇ ಕೂತಿತ್ತು. ಇನ್ನೊಂದು ಸಲ ನೋಡೋಣ, ಆಮೇಲೆ ಕಾಯಲು ನಿಮ್ಮ ಅಕ್ಕನಿಗೆ ಕಾಲವಿಲ್ಲ ಎಂದರು ಡಾಕ್ಟರು. ಭಟ್ಕಳದಲ್ಲಿ ರೈಲಿಳಿದಾಗ ಅಳುವುದಕ್ಕೂ ಆಗದಷ್ಟು ದಣಿದಿದ್ದೆ.

ನೇರ ಅಕ್ಕನ ಮನೆಗೆ ಹೋಗಿ ವಿಷಯ ಹೇಳಿದೆ. ಗಾಬರಿಯಾಗಬೇಕಾದವಳು ನಿರಾಳವಾಗಿ ಉಸಿರು ಬಿಟ್ಟು ನನಗೆ ತಟ್ಟೆ ಹಾಕಿದಳು. ನನ್ನ ಮಂಡೆಗೆ ಹೊಳೆದದ್ದು ಆಗ. ಬೇಕಂತಲೇ ತಿನ್ನಿಸುತ್ತಿದ್ದೀಯಾ ಎಂದು ಕೇಳಿದೆ.

"ಹೌದು," ಅಂದಳು ಅಕ್ಕ. "ನಾ ಸಾಕಿದ ಹೊಟ್ಟೆ ಅದು. ಅದನ್ನ ಕೊಯ್ಸಿ ನಾ ಬದುಕೂದು ಎಂತಕ್ಕೆ? ನಿಂಗೆ ಎಂತಾದ್ರೂ ಆದ್ರೆ ನಿನ್ನ ಮಕ್ಕಳ ಹತ್ರ ಎಂತ ಹೇಳ್ಲಿ?"

ಸಿಟ್ಟು ಬಂತು, ಸಿಟ್ಟು ಮಾಡಲು ತ್ರಾಣವಿರಲಿಲ್ಲ. ಕೊಟ್ಟವರ ಲಿವರು ಮತ್ತೆ ಬೆಳೆಯುತ್ತದೆಂದು ಡಾಕ್ಟರು ಅವಳಿಗೂ ಹೇಳಿದ್ದರು. ಅಪಾಯವೇ ಇಲ್ಲವೆಂದು ಅವರೂ ಹೇಳಿರಲಿಲ್ಲ, ಹಾಗೆ ಸುಳ್ಳು ಹೇಳಲು ನನಗೂ ನಾಲಿಗೆ ಬರಲಿಲ್ಲ.

"ನೀ ಇಲ್ದಿದ್ರೆ ದಿನಾ ಸಂಜೆ ಈ ಮನೆ ಮುಂದೆ ನಾ ಹೆಂಗೆ ದಾಟೂದು, ಅಕ್ಕಾ?" ಅಂದೆ.

ಬಡಿಸಿದ್ದನ್ನು ಮುಟ್ಟದೆ ಎದ್ದುಬಂದೆ.

ಮರುದಿನ ಸಂಜೆ ಹೋದಾಗ ಒಲೆ ತಣ್ಣಗಿತ್ತು. ಹಾಲು ಸಕ್ಕರೆಯಿಲ್ಲದ ಒಂದು ಲೋಟ ಚಾ ಮುಂದಿಟ್ಟು, ಮುಖ ಆಚೆ ತಿರುಗಿಸಿಕೊಂಡು, ಕುಡಿದು ಮನೆಗೆ ನಡಿ ಎಂದಳು ಅಕ್ಕ. ಹುಟ್ಟಿದಾರಭ್ಯ ಮೊದಲ ಸಲ ಅವಳೇ ನನ್ನನ್ನು ತನ್ನ ಮನೆಯಿಂದ ಹಸಿದ ಹೊಟ್ಟೆಯಲ್ಲಿ ಕಳಿಸಿದಳು.