ರತ್ನಳ ಅಂಗಳದಲ್ಲಿ ಅರಳಿದ ನನ್ನ ಕಳ್ಳಿ

ರಾಯದುರ್ಗದಿಂದ ಕಲ್ಯಾಣದುರ್ಗಕ್ಕೆ ಹೋಗುವ ಬೆಳಗಿನ ಮೊದಲ ಬಸ್ಸು ಹತ್ತಿದೆ. ಆಧಾರ್ ಕಾರ್ಡ್ ತೋರಿಸಿದೆ. ಕಂಡಕ್ಟರ್ ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ.

"ಯಾವೂರಿಗ್ರಿ?"

"ಮಡಕಶಿರಕ್ಕ. ಒಂದು ಹೂವು ನೋಡಾಕ."

"ಅಷ್ಟು ದೂರಾನ? ಹೆಣ್ಣು ನೋಡಾಕ ಹೊಂಟಂಗ ಹೊಂಟೀರಲ್ರಿ," ಎಂದ.

ಹಿಂದಿನ ಸಂಜೆ ರತ್ನ ಫೋನಿಗೆ ಒಂದು ಫೋಟೊ ಕಳಿಸಿದ್ದಳು: ದುಂಡು ಕಳ್ಳಿಯ ಮೇಲೆ ಮೂರು ಹೂವು, ದತ್ತೂರಿಯಂತೆ ಉದ್ದ ಕತ್ತಿನವು, ತಿಳಿ ಗುಲಾಬಿ ಬಣ್ಣ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವಾಗ ಅವಳದು ನನ್ನ ಪಕ್ಕದ ಮಿಷನ್. ಅವಳು ಗಂಡನ ಊರಿಗೆ ಹೊರಟಾಗ ನನ್ನ ಕಳ್ಳಿಯ ಬುಡದಿಂದ ನಿಂಬೆಹಣ್ಣಿನಷ್ಟು ಮರಿಯೊಂದನ್ನು ಕಿತ್ತುಕೊಟ್ಟಿದ್ದೆ. ನನ್ನಲ್ಲಿದ್ದ ತಾಯಿಗಿಡ ಒಮ್ಮೆಯೂ ಹೂ ಬಿಡಲಿಲ್ಲ. ಹೋದ ವಾರ ಬುಡ ಮೆತ್ತಗಾಯಿತು. ಮುಟ್ಟಿದರೆ ಕೊಳೆತ ವಾಸನೆಯೊಡನೆ ಕೈಗೇ ಬಂತು. ಈಗ ನನಗೊಂದು ಮರಿ ಬೇಕು, ಅದನ್ನು ಕೇಳಬೇಕಾದವಳು ರತ್ನ. ಕೊಟ್ಟವಳೇ ಕೈಯೊಡ್ಡುವ ಬದಲು ಬೇರೆ ಯಾರನ್ನಾದರೂ ಕೇಳುವಂತಿದ್ದರೆ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಕಲ್ಯಾಣದುರ್ಗದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಅಮರಾಪುರ ಸಮೀಪಿಸುವಾಗ ಕಿಟಕಿಯ ಕಂಬಿ ಕೈ ಇಡಲಾಗದಷ್ಟು ಕಾದಿತ್ತು. ಬೇಲಿಯ ನೆರಳಿನಲ್ಲಿ ಕುರಿಗಳು ತಲೆ ತಗ್ಗಿಸಿ ನಿಂತಿದ್ದವು. ಮಡಕಶಿರ ಸೇರಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು.

"ಬಾ ಅಕ್ಕ, ಈ ಬಿಸ್ಲಲ್ಲಿ ಬಂದ್ಯಲ್ಲ," ಎಂದು ರತ್ನ ಬಾಗಿಲಿಗೆ ಬಂದಳು.

ಕಳ್ಳಿ ಕಾಂಪೌಂಡ್ ಗೋಡೆಯ ಮೇಲೆ, ಒಡೆದ ಪೇಂಟ್ ಡಬ್ಬದಲ್ಲಿತ್ತು. ಡಬ್ಬ ಒಡೆದಿದೆ ಎಂಬುದನ್ನು ನಾನು ಮೊದಲು ನೋಡಿದೆ. ಎರಡು ಹೂವು ಆಗಲೇ ಜೋತುಬಿದ್ದಿದ್ದವು. ಮೂರನೆಯದು ಇನ್ನೂ ಅರಳಿತ್ತು, ಅಂಗೈಯಷ್ಟು ಅಗಲ. ಅದರ ಅಂಚನ್ನು ಒಂದು ಬೆರಳಿನಿಂದ ಮುಟ್ಟಿದೆ.

"ಏನ್ ಹಾಕ್ತೀ ಇದಕ್ಕ?"

"ಅರ್ಧ ದಪ್ಪ ಮರಳು, ಇಟ್ಟಿಗೆ ಚೂರು, ಒಂದು ಹಿಡಿ ಹಳೇ ಕುರಿಗೊಬ್ಬರ. ಡಬ್ಬದ ತಳಕ್ಕೆ ತೂತು. ಬೇಸ್ಗೇಲಿ ಮಣ್ಣು ಪೂರಾ ಒಣಗಿದ್ಮೇಲೆ ನೀರು. ಚಳಿಗಾಲದಲ್ಲಿ ಹನೀನೂ ಇಲ್ಲ."

ಅವಳ ಅತ್ತೆ ಜಗಲಿಯಿಂದಲೇ ನಕ್ಕರು. "ಸುಳ್ಳು ಕಣವ್ವ. ಇವ್ಳಿಗೆ ಗಿಡದ ನೆಪ್ಪೇ ಇರಲ್ಲ. ಮರ್ತಿದ್ಕೇ ಹೂ ಬಿಟ್ಟೈತೆ."

ನಾನು ನನ್ನ ಗಿಡವನ್ನು ಒಳಗೆ, ಮಿಷನ್ ಪಕ್ಕ ಇಟ್ಟುಕೊಂಡಿದ್ದೆ. ದಿನಾ ಅಕ್ಕಿ ತೊಳೆದ ನೀರು ಹಾಕುತ್ತಿದ್ದೆ.

"ನಿಂದು ಎಷ್ಟು ಹೂ ಬಿಡ್ತಕ್ಕ?"

"ಈ ಸಲ ಇಲ್ಲ," ಎಂದೆ.

ಮುದ್ದೆ, ಹುರುಳಿ ಸಾರು ಬಡಿಸಿದರು. ಉಂಡೆ. ಬಸ್ಸಿನ ಹೊತ್ತಾಗುತ್ತಾ ಬಂತು. ಚಪ್ಪಲಿ ಮೆಟ್ಟಿಕೊಂಡ ಮೇಲೆ ಬಾಯಿಬಿಟ್ಟೆ.

"ನಂದು ಕೊಳೆತು ಹೋತವ್ವ ರತ್ನಾ. ಒಂದು ಮರಿ ಬೇಕಾಗಿತ್ತು."

"ಕೊಡಲ್ಲಕ್ಕ."

ಹೂವನ್ನು ತೋರಿಸಿ ಹೊಟ್ಟೆ ಉರಿಸಲೆಂದೇ ಫೋಟೊ ಕಳಿಸಿದ್ದಾಳೆ ಎಂದುಕೊಂಡೆ.

ಅತ್ತೆ ಅಂಗಳಕ್ಕೆ ಬೆನ್ನು ಮಾಡಿ ಮನೆಯ ಗೋಡೆ ಕಡೆ ತಿರುಗಿ ಕುಳಿತರು. "ಕೊಟ್ಟ ಗಿಡ ಹತ್ತಲ್ಲ ಕಣವ್ವ. ಕದ್ದಿದ್ದೇ ಹತ್ತೋದು. ನಂಗೆ ಕಣ್ಣೂ ಕಾಣ್ಸಲ್ಲ."

"ನಾನು ಕಾಫಿಗೆ ಹಾಲಿಡ್ತೀನಿ. ನಿಧಾನಕ್ಕೆ ಬತ್ತೀನಿ," ಎಂದು ರತ್ನ ಒಳಗೆ ಹೋದಳು.

ನಾನು ಅವಳಿಗೆ ಕಣ್ಣೆದುರೇ, ಕೈಯಾರೆ ಕೊಟ್ಟಿದ್ದೆ. ಅದು ಹತ್ತಿತ್ತು, ಹೂವೂ ಬಿಟ್ಟಿತ್ತು. ಆದರೂ ಚೀಲದಲ್ಲಿದ್ದ ಜೀನ್ಸ್ ಬಟ್ಟೆಯ ತುಂಡು ಕೈಗೆ ಸುತ್ತಿಕೊಂಡು ಗಿಡದ ಬುಡಕ್ಕೆ ಬಗ್ಗಿದೆ. ಸಣ್ಣ ಮರಿಗಳು ನಾಲ್ಕಾರಿದ್ದವು. ಎಲ್ಲಕ್ಕಿಂತ ದೊಡ್ಡದನ್ನೇ ತಿರುಚಿ ಕಿತ್ತು ಚೀಲಕ್ಕೆ ಹಾಕಿಕೊಂಡೆ.

ರತ್ನ ಕಾಫಿ ತಂದಳು. ಗಿಡದ ಬುಡ ನೋಡಿದಳು.

"ಇಲಿ ಬಂದಿತ್ತೇನೋ ಅತ್ತೆ."

"ದೊಡ್ಡ ಇಲೀನೇ ಬಂದಿರ್ಬೇಕು," ಎಂದರು ಅತ್ತೆ, ಇನ್ನೂ ಗೋಡೆಗೇ ಮುಖ ಮಾಡಿ.

ಬಸ್ ನಿಲ್ದಾಣದವರೆಗೂ ರತ್ನ ಜೊತೆಗೆ ಬಂದಳು. ಕಿತ್ತ ಗಾಯ ಒಣಗುವವರೆಗೆ, ಒಂದು ವಾರ, ನೆರಳಲ್ಲಿ ಸುಮ್ಮನೆ ಇಡಬೇಕು, ಆಮೇಲೆ ನೆಡಬೇಕು ಎಂದಳು. ಬಸ್ಸು ಹೊರಟಾಗ ಕಿಟಕಿಯ ಕೆಳಗೆ ನಾಲ್ಕು ಹೆಜ್ಜೆ ನಡೆದಳು.

"ನೆಟ್ಟು ಮರ್ತುಬಿಡ್ಬೇಕಕ್ಕ ಅದನ್ನ. ತಿಳೀತಾ?"

ಆಗಲಿ ಎಂದು ತಲೆಯಾಡಿಸಿದೆ. ತಿರುಗಿ ನೋಡಿದಾಗ ಅವಳು ಆಗಲೇ ಮನೆಯ ದಾರಿ ಹಿಡಿದಿದ್ದಳು. ಊರಿನ ಬೆಟ್ಟ ಕಣ್ಮರೆಯಾಗುವ ಮುನ್ನವೇ ಚೀಲ ಬಿಚ್ಚಿ ಮರಿಯನ್ನು ನೋಡಿದೆ.